ಸ್ವಂತ ಬೈಕ್‌ನಲ್ಲಿ ಕಂಪನಿ ಕೆಲಸ: ಕಿಲೋಮೀಟರಿಗೆ ಎರಡೂವರೆ ರೂಪಾಯಿ ಸಾಕಾ?

ಹೊಸದಾಗಿ ಔಷಧ ಕಂಪನಿಗೆ ಮೆಡಿಕಲ್ ರೆಪ್ ಆಗಿ ಸೇರಿದ್ದೀರಿ, ಸ್ವಂತ ಬೈಕ್, ದಿನಕ್ಕೆ ಸುಮಾರು 80 ಕಿಲೋಮೀಟರ್ ಓಡಾಟ, ಕಂಪನಿ ಕಿಲೋಮೀಟರಿಗೆ 2.50 ರೂಪಾಯಿ ಕೊಡುತ್ತದೆ. ಇದು ಸಾಕಾ, ಜಾಸ್ತಿ ಕೇಳಬಹುದಾ, ಕಾನೂನು ಏನಾದರೂ ಹೇಳುತ್ತದಾ ಅಂತ ಕೇಳಿದ್ದೀರಿ. ನಾನು 2015ರಿಂದ ಶಿವಮೊಗ್ಗದಲ್ಲಿ ಇದೇ ಕೆಲಸ ಮಾಡುತ್ತಿದ್ದೇನೆ. ಭದ್ರಾವತಿ, ತೀರ್ಥಹಳ್ಳಿ, ಸಾಗರ, ಶಿಕಾರಿಪುರ, ಎಲ್ಲಾ ಕಡೆಗೂ ಬೈಕ್‌ನಲ್ಲೇ ಹೋಗಿ ಬರುತ್ತೇನೆ. ಈಗ ಓಡಿಸುತ್ತಿರುವುದು ಎರಡನೇ ಬೈಕ್.

ಸಾಕಾಗುವುದಿಲ್ಲ. ನಿಮಗೆ ಬರುತ್ತಿರುವುದು ಪೆಟ್ರೋಲ್ ದುಡ್ಡು, ಅದರ ಮೇಲೆ ಸ್ವಲ್ಪ ಚಿಲ್ಲರೆ. ಬೈಕ್ ಸವೆಯುವ ಖರ್ಚು ನಿಮ್ಮ ಕೈಯಿಂದಲೇ ಹೋಗುತ್ತಿದೆ, ಆದರೆ ಅದು ತಿಂಗಳು ತಿಂಗಳು ಕಣ್ಣಿಗೆ ಬೀಳುವುದಿಲ್ಲ. ನನಗೂ ಮೊದಲ ಎರಡು ವರ್ಷ ಇದು ಗೊತ್ತಾಗಲಿಲ್ಲ. ತಿಂಗಳ ಕೊನೆಗೆ ಪೆಟ್ರೋಲ್ ಕಳೆದು ಐನೂರು, ಆರುನೂರು ಉಳಿದರೆ ಲಾಭ ಅಂತಲೇ ಅಂದುಕೊಂಡಿದ್ದೆ.

ನನ್ನ ಬೈಕಿನ ಲೆಕ್ಕ ಹೇಳುತ್ತೇನೆ, ನಿಮ್ಮದಕ್ಕೆ ಹೋಲಿಸಿ ನೋಡಿ. ತಿಂಗಳಿಗೆ 25 ದಿನ ಅಂದರೆ 2,000 ಕಿಲೋಮೀಟರ್, ವರ್ಷಕ್ಕೆ 24,000. ಪೆಟ್ರೋಲ್ ಲೀಟರಿಗೆ 103 ಅಂತ ಇಟ್ಟುಕೊಳ್ಳಿ, ನನ್ನ ಬೈಕ್ 50 ಕೊಡುತ್ತದೆ, ಹಾಗಾಗಿ ಕಿಲೋಮೀಟರಿಗೆ 2.06. ಪ್ರತಿ 3,000 ಕಿಲೋಮೀಟರಿಗೆ ಎಂಜಿನ್ ಆಯಿಲ್, ಸರ್ವಿಸ್ ಸೇರಿ 900 ರೂಪಾಯಿ, ಅದು 30 ಪೈಸೆ. ಎರಡು ಟೈರಿಗೆ 4,000, ಮೂವತ್ತು ಸಾವಿರ ಓಡುತ್ತವೆ, 13 ಪೈಸೆ. ಚೈನ್ ಸೆಟ್ 8 ಪೈಸೆ. ಬ್ರೇಕ್ ಶೂ, ಕ್ಲಚ್ ಪ್ಲೇಟ್, ಕೇಬಲ್, ಬ್ಯಾಟರಿ, ಪಂಕ್ಚರ್ ಎಲ್ಲಾ ಸೇರಿ 15 ಪೈಸೆ. ಇನ್ಶೂರೆನ್ಸ್ 8 ಪೈಸೆ. ಇಲ್ಲಿಗೇ 2.80 ಆಯಿತು ನೋಡಿ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಚೈನೂ ಬ್ರೇಕ್ ಶೂಗಳೂ ಇನ್ನೂ ಬೇಗ ಹೋಗುತ್ತವೆ. ತೀರ್ಥಹಳ್ಳಿ ಕಡೆ ಜುಲೈ ತಿಂಗಳಲ್ಲಿ ಒಂದು ವಾರ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರ ಮೇಲೆ ಬೈಕಿನ ಬೆಲೆ ಇಳಿಯುವುದು ಬೇರೆ. ನನ್ನ ಮೊದಲ ಬೈಕನ್ನು 61,000ಕ್ಕೆ ತೆಗೆದುಕೊಂಡಿದ್ದೆ. ಐದು ವರ್ಷದಲ್ಲಿ 1 ಲಕ್ಷ 10 ಸಾವಿರ ಕಿಲೋಮೀಟರ್ ಓಡಿತ್ತು, ಮಾರಲು ಹೋದಾಗ ಮೀಟರ್ ನೋಡಿಯೇ ಎಲ್ಲರೂ ಹಿಂದೆ ಸರಿದರು, ಕೊನೆಗೆ 15,000ಕ್ಕೆ ಹೋಯಿತು. 46,000 ಕರಗಿದ್ದು ಕಂಪನಿ ಕೆಲಸದಲ್ಲಿ, ಮನೆ ಓಡಾಟದಲ್ಲಿ ಅಲ್ಲ. ಕಿಲೋಮೀಟರಿಗೆ 42 ಪೈಸೆ. ಈಗಿನ ಬೈಕ್ ಬೆಲೆಗೆ ಅದು 60 ಪೈಸೆ ಅಂತ ಹಿಡಿಯಿರಿ. ಒಟ್ಟು 3.40. ನಿಮಗೆ ಬರುತ್ತಿರುವುದು 2.50. ತಿಂಗಳಿಗೆ 1,800 ರೂಪಾಯಿ ನೀವೇ ಕಂಪನಿಗೆ ಕೊಡುತ್ತಿದ್ದೀರಿ, ವರ್ಷಕ್ಕೆ 21,600.

ಇನ್ನೊಂದು ವಿಷಯವನ್ನು ಸರಿಯಾಗಿ ನೋಡಿಕೊಳ್ಳಿ. ದಿನಕ್ಕೆ 80 ಅಂದಿರಲ್ಲ, ಅಷ್ಟಕ್ಕೂ ದುಡ್ಡು ಬರುತ್ತಿದೆಯಾ? ಬಹಳ ಕಂಪನಿಗಳಲ್ಲಿ ಲೆಕ್ಕ ಹಾಕುವುದು ಫೇರ್ ಚಾರ್ಟ್ ಪ್ರಕಾರ, ಅಂದರೆ ಊರಿಂದ ಊರಿಗೆ ಇಷ್ಟು ಕಿಲೋಮೀಟರ್ ಅಂತ ಮೊದಲೇ ಬರೆದಿಟ್ಟ ಪಟ್ಟಿ. ಊರೊಳಗೆ ಡಾಕ್ಟರ್ ಕ್ಲಿನಿಕ್‌ನಿಂದ ಮೆಡಿಕಲ್ ಶಾಪ್, ಅಲ್ಲಿಂದ ಸ್ಟಾಕಿಸ್ಟ್ (ಅಂಗಡಿಗಳಿಗೆ ಔಷಧ ಕೊಡುವ ಸಗಟು ವ್ಯಾಪಾರಿ), ಮತ್ತೆ ಸಂಜೆ ಒಪಿಡಿಗೆ ಇನ್ನೊಂದು ಕ್ಲಿನಿಕ್, ಇದೆಲ್ಲ ಅದರಲ್ಲಿ ಸೇರುವುದಿಲ್ಲ. ನಾನು ಸಾಗರಕ್ಕೆ ಹೋಗಿ ಬಂದ ದಿನ ಚಾರ್ಟ್‌ನಲ್ಲಿರುವುದಕ್ಕಿಂತ ಮೀಟರ್ ಸುಮಾರು 18-20 ಕಿಲೋಮೀಟರ್ ಜಾಸ್ತಿ ತೋರಿಸುತ್ತದೆ. ಎಚ್‌ಕ್ಯೂ ದಿನ, ಅಂದರೆ ಹೊರಗೆ ಹೋಗದೆ ನಮ್ಮ ಕೇಂದ್ರ ಊರಲ್ಲೇ ಕೆಲಸ ಮಾಡುವ ದಿನವಂತೂ, ಶಿವಮೊಗ್ಗದೊಳಗೇ 35 ಕಿಲೋಮೀಟರ್ ಸುತ್ತಿದರೂ ಡಿಎ (ದಿನಭತ್ಯೆ) ಮಾತ್ರ, ಕಿಲೋಮೀಟರ್ ದುಡ್ಡು ಇಲ್ಲವೇ ಇಲ್ಲ. ಡಿಎ ಇರುವುದು ಊಟಕ್ಕೆ, ಅಲ್ವಾ? ಹಾಗಾಗಿ ರೇಟ್ ಕೇಳುವ ಮೊದಲು ನಿಮ್ಮ ಫೇರ್ ಚಾರ್ಟ್ ತರಿಸಿಕೊಂಡು ಒಂದೊಂದು ಊರಿನ ದೂರವನ್ನೂ ಮೀಟರ್ ಜೊತೆ ತಾಳೆ ನೋಡಿ. ಚಾರ್ಟ್ ತಿದ್ದಿಸುವುದು ರೇಟ್ ಏರಿಸುವುದಕ್ಕಿಂತ ಸುಲಭ, ಏರಿಯಾ ಮ್ಯಾನೇಜರ್ ಮಟ್ಟದಲ್ಲೇ ಆಗುತ್ತದೆ.

ಕಾನೂನಿನ ಬಗ್ಗೆಯೂ ಕೇಳಿದ್ದೀರಿ. ಖಾಸಗಿ ಕಂಪನಿ ಕಿಲೋಮೀಟರಿಗೆ ಇಷ್ಟೇ ಕೊಡಬೇಕು ಅಂತ ನಮ್ಮಲ್ಲಿ ಯಾವ ಕಾಯ್ದೆಯೂ ಹೇಳುವುದಿಲ್ಲ. 1976ರಲ್ಲಿ ಮೆಡಿಕಲ್ ರೆಪ್‌ಗಳಂಥ ಮಾರಾಟ ಪ್ರಚಾರದ ನೌಕರರಿಗೆ ಅಂತಲೇ ಒಂದು ಕಾಯ್ದೆ ಬಂತು, ಅದರಲ್ಲಿ ನೇಮಕಾತಿ ಪತ್ರ ಕೊಡಬೇಕು, ರಜೆ ಕೊಡಬೇಕು ಅಂತ ಇತ್ತು, ಕಿಲೋಮೀಟರ್ ರೇಟ್ ಇರಲಿಲ್ಲ. ಆದ್ದರಿಂದ ನಿಮ್ಮ ಹಿಡಿತ ಇರುವುದು ನೇಮಕಾತಿ ಪತ್ರದಲ್ಲಿ ಮತ್ತು ಕಂಪನಿಯ ಎಕ್ಸ್‌ಪೆನ್ಸ್ ಪಾಲಿಸಿಯಲ್ಲಿ. ಎರಡನ್ನೂ ಇಮೇಲ್‌ನಲ್ಲಿ ಕೇಳಿ ತರಿಸಿಕೊಳ್ಳಿ. ಬಾಯಿಮಾತಿನಲ್ಲಿ ಹೇಳಿದ ರೇಟ್ ಮ್ಯಾನೇಜರ್ ಬದಲಾದ ದಿನ ಬದಲಾಗುತ್ತದೆ.

ಈಗ ನನಗೆ ತುಂಬಾ ಮುಖ್ಯ ಅನಿಸುವ ವಿಷಯ, ಡೈರಿ. 2019ರಲ್ಲಿ ನಾನು ಆಗ ಇದ್ದ ಕಂಪನಿ ನನ್ನ ಮೂರು ತಿಂಗಳ ಕ್ಲೇಮ್‌ನಲ್ಲಿ 4,260 ರೂಪಾಯಿ ಕಡಿತ ಮಾಡಿತು. ಮ್ಯಾಪ್‌ನಲ್ಲಿ ತೋರಿಸುವ ಹತ್ತಿರದ ದಾರಿಗಿಂತ ಜಾಸ್ತಿ ಬರೆದಿದ್ದೀರಿ ಅನ್ನುವುದು ಕಾರಣ. ಆ ವರ್ಷ ಆಗಸ್ಟ್‌ನಲ್ಲಿ ನಮ್ಮ ಕಡೆ ಭಾರಿ ಮಳೆ, ಹೊಸನಗರದ ಕಡೆ ರಸ್ತೆ ಬಂದ್ ಆಗಿ ಬಳಸಿಕೊಂಡು ಹೋಗಬೇಕಾಗಿತ್ತು, ಅದು ದೂರದ ಊರಲ್ಲಿ ಬಿಲ್ ನೋಡುವವರಿಗೆ ಹೇಗೆ ಗೊತ್ತಾಗಬೇಕು? ನನ್ನ ಹತ್ತಿರ ಡೈರಿ ಇತ್ತು. ತಾರೀಕು, ಬೆಳಿಗ್ಗೆ ಮೀಟರ್ ರೀಡಿಂಗ್, ಸಂಜೆ ರೀಡಿಂಗ್, ಹೋದ ಊರುಗಳು, ದಾರಿ ಬದಲಾಗಿದ್ದರೆ ಯಾಕೆ ಅಂತ ಒಂದು ಸಾಲು. ಆ ಪುಟಗಳ ಫೋಟೋ ತೆಗೆದು, ಪೆಟ್ರೋಲ್ ಬಿಲ್‌ಗಳ ಜೊತೆ ಕಳಿಸಿದೆ. ಮುಂದಿನ ತಿಂಗಳು ಪೂರ್ತಿ ದುಡ್ಡು ಬಂತು. ನನ್ನ ಜೊತೆಯವನೊಬ್ಬನಿಗೂ ಅದೇ ಕಾರಣಕ್ಕೆ ಕಟ್ ಆಗಿತ್ತು. ಅವನೂ ಅದೇ ಮಳೆಯಲ್ಲಿ ಅದೇ ದಾರಿಯಲ್ಲಿ ಹೋದವನು. ಬರೆದಿಟ್ಟಿರಲಿಲ್ಲ, ಒಂದು ಪೈಸೆಯೂ ಬರಲಿಲ್ಲ. ಇವತ್ತಿಗೂ ಅದನ್ನು ನೆನೆಸಿಕೊಂಡರೆ ಬೇಜಾರಾಗುತ್ತದೆ.

ಆದಾಯ ತೆರಿಗೆಗೂ ಈ ಡೈರಿ ಬೇಕು. ಕೆಲಸಕ್ಕೆ ಅಂತ ನಿಜವಾಗಿ ಖರ್ಚು ಮಾಡಿದ ಪ್ರಯಾಣದ ದುಡ್ಡಿಗೆ ತೆರಿಗೆ ಇಲ್ಲ, ಆದರೆ ದಾಖಲೆ ಇರಬೇಕು. ಸಂಬಳದ ಜೊತೆ ಸುಮ್ನೆ ಕನ್ವೇಯನ್ಸ್ (ಓಡಾಟದ ಭತ್ಯೆ) ಅಂತ ಒಂದು ಮೊತ್ತ ಕೊಟ್ಟು ಬಿಲ್ ಏನೂ ಕೇಳದಿದ್ದರೆ, ಖರ್ಚು ತೋರಿಸಲಾಗದ ಭಾಗ ಸಂಬಳದ ಹಾಗೆಯೇ ಲೆಕ್ಕಕ್ಕೆ ಬರುತ್ತದೆ. ಮನೆಯಿಂದ ಆಫೀಸಿಗೆ ಹೋಗುವ ಓಡಾಟ ಇದರಲ್ಲಿ ಸೇರುವುದಿಲ್ಲ. ಅದಕ್ಕೆ ಹಿಂದೆ ತಿಂಗಳಿಗೆ 1,600 ರೂಪಾಯಿ ವಿನಾಯಿತಿ ಇತ್ತು, 2018ರ ಬಜೆಟ್‌ನಲ್ಲಿ ಅದನ್ನು ತೆಗೆದು ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಸಂಬಳದಾರರಿಗೆ ಬಿಲ್ ಇಲ್ಲದೆ ಸಿಗುವ ಕಡಿತ, ತಂದರು.

ಇನ್ನು ಕೇಳುವುದು ಹೇಗೆ ಅಂತ. "ಸರ್, ಸಾಕಾಗ್ತಾ ಇಲ್ಲ" ಅಂದರೆ "ಎಲ್ಲರಿಗೂ ಅಷ್ಟೇ" ಅನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ನಾವು ಏಳು ಜನ ಮೂರು ತಿಂಗಳ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ಕೊಟ್ಟೆವು. ಕಿಲೋಮೀಟರ್, ಪೆಟ್ರೋಲ್, ಸರ್ವಿಸ್, ಟೈರ್, ಬಂದ ದುಡ್ಡು, ಕೈಯಿಂದ ಹೋದ ದುಡ್ಡು. ಜೊತೆಗೆ ರೇಟ್ ನಿಗದಿಯಾದಾಗ ಪೆಟ್ರೋಲ್ ಎಷ್ಟಿತ್ತು ಅಂತಲೂ ಬರೆದೆವು. ನಮ್ಮ ರೇಟ್ 2017ರದ್ದು, ಆಗ ಪೆಟ್ರೋಲ್ 70ರ ಆಸುಪಾಸು. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲೇ ನೂರು ದಾಟಿತು. ನಾಲ್ಕು ತಿಂಗಳು ಹಿಡಿಯಿತು, ಆದರೆ 2.25 ಇದ್ದದ್ದು 3 ಆಯಿತು. ನೀವು ಕೇಳುವಾಗ ಇನ್ನೊಂದನ್ನೂ ಸೇರಿಸಿ: ಪೆಟ್ರೋಲ್ 5 ರೂಪಾಯಿ ಏರಿದರೆ ರೇಟ್ ತಾನಾಗಿ 10 ಪೈಸೆ ಏರಬೇಕು. ನಾವು ಅದನ್ನು ಕೇಳದೇ ತಪ್ಪು ಮಾಡಿದೆವು. 2024ರ ಜೂನ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಏರಿ ಪೆಟ್ರೋಲ್ ಸುಮಾರು 3 ರೂಪಾಯಿ ಜಾಸ್ತಿಯಾದಾಗ ಮತ್ತೆ ಮೊದಲಿನಿಂದ ಅರ್ಜಿ ಬರೆಯಬೇಕಾಯಿತು.

ಇನ್ಶೂರೆನ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸ್ವಂತ ಬಳಕೆಯ ವಾಹನದ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸಬಾರದು, ಸರಕು ಸಾಗಿಸಬಾರದು ಅಂತ ಇರುತ್ತದೆ. ಸ್ಯಾಂಪಲ್‌ಗಳು ಮತ್ತು ನಮ್ಮ ಸ್ವಂತ ಲಗೇಜಿಗೆ ಮಾತ್ರ ವಿನಾಯಿತಿ. ಬ್ಯಾಗಿನಲ್ಲಿ ಸ್ಯಾಂಪಲ್ ಇದ್ದರೆ ತೊಂದರೆ ಇಲ್ಲ. ತಿಂಗಳ ಕೊನೆಯಲ್ಲಿ ಟಾರ್ಗೆಟ್ ಮುಟ್ಟಿಸಲು ಸ್ಟಾಕಿಸ್ಟ್‌ನಿಂದ ಔಷಧದ ಬಾಕ್ಸ್ ಎತ್ತಿಕೊಂಡು ಅಂಗಡಿಗೆ ಕೊಟ್ಟು ಬಾ ಅಂತ ಹೇಳಿದರೆ ಒಪ್ಪಬೇಡಿ. ಅಂಥ ಹೊತ್ತಲ್ಲಿ ಏನಾದರೂ ಆದರೆ ಕ್ಲೇಮ್ ಸಿಗುವುದು ಕಷ್ಟ. ಹಾಗೆಯೇ ರಿನ್ಯೂ ಮಾಡುವಾಗ 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ಇದೆಯಾ ನೋಡಿ. ಮುನ್ನೂರು, ನಾನೂರು ಉಳಿಸಲು ಕೆಲವು ಏಜೆಂಟರು ಅದನ್ನು ಬಿಟ್ಟುಬಿಡುತ್ತಾರೆ. ದಿನಕ್ಕೆ 80 ಕಿಲೋಮೀಟರ್ ಹೈವೇಯಲ್ಲಿ ಓಡುವವರು ನೀವು.

ಸದ್ಯಕ್ಕೆ ನಾಳೆ ಬೆಳಿಗ್ಗೆ ಬೈಕ್ ಸ್ಟಾರ್ಟ್ ಮಾಡುವ ಮೊದಲು ಮೀಟರ್ ಫೋಟೋ ತೆಗೆಯಿರಿ, ಸಂಜೆ ಇನ್ನೊಂದು. ಮೂರು ತಿಂಗಳಾದ ಮೇಲೆ ಲೆಕ್ಕ ಇಲ್ಲಿ ಹಾಕಿ, ಬೈಕ್ ಯಾವುದು ಅಂತಲೂ ಹೇಳಿ. ಮ್ಯಾನೇಜರಿಗೆ ಕೊಡುವ ಹಾಳೆಯನ್ನು ಒಟ್ಟಿಗೆ ಕೂತು ತಯಾರು ಮಾಡೋಣ.