ಅಡಿಕೆ ದರಕ್ಕೆ ಯಾವ ಫೀಡ್?

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ ಒಂದು ಜಾಲತಾಣ ನಡೆಸುತ್ತೇವೆ. ದಿನಾ ಅಡಿಕೆ ದರ ಹಾಕುತ್ತೇವೆ. ಆಗಾಗ ತಾಳಮದ್ದಳೆಯ ರೆಕಾರ್ಡಿಂಗ್ ಕೂಡ. ಹೊಸದು ಬಂದಾಗ ತಾನಾಗಿ ತಿಳಿಯುವಂತೆ ಫೀಡ್ ಕೊಡಿ ಎಂದು ಓದುಗರು ಕೇಳುತ್ತಿದ್ದಾರೆ. ನಮ್ಮ ತಂತ್ರಾಂಶದಲ್ಲಿ ಆರ್‌ಎಸ್‌ಎಸ್ 1.0, ಆರ್‌ಎಸ್‌ಎಸ್ 2.0, ಆಟಂ ಅಂತ ಮೂರು ಬಗೆಯ ಫೀಡಿನ ಆಯ್ಕೆ ಇವೆ. ಮೂರನ್ನೂ ಕೊಟ್ಟುಬಿಡೋಣವೇ?
– ಓದುಗರೊಬ್ಬರು, ಶಿರಸಿ

ಉತ್ತರ: ಬೇಡ. ಮೂರು ಕೊಂಡಿ ಕಂಡರೆ ಯಾವುದನ್ನು ಒತ್ತಬೇಕು ಅಂತ ಓದುಗರು ಸುಮ್ನೆ ಗೊಂದಲಕ್ಕೆ ಬೀಳುತ್ತಾರೆ. ಅಡಿಕೆ ದರಕ್ಕೆ ಆಟಂ, ತಾಳಮದ್ದಳೆಗೆ ಆರ್‌ಎಸ್‌ಎಸ್ 2.0. ಹೀಗೆ ಎರಡು ಬೇರೆ ಫೀಡ್ ಮಾಡಿ.

ಆರ್‌ಎಸ್‌ಎಸ್ 1.0 ಬಿಟ್ಟುಬಿಡಿ. ಅಂಕಿ ನೋಡಿ 2.0 ಅದರ ಮುಂದಿನ ಆವೃತ್ತಿ ಅಂದುಕೊಳ್ಳುವವರೇ ಜಾಸ್ತಿ. ಹಾಗಲ್ಲ, ಅವೆರಡೂ ದಾಯಾದಿಗಳು. 1999ರಲ್ಲಿ ಬ್ರೌಸರ್ ಕಂಪನಿ ನೆಟ್‌ಸ್ಕೇಪ್ ಆರ್‌ಎಸ್‌ಎಸ್ ಶುರು ಮಾಡಿ, ಆಮೇಲೆ ಕೈಬಿಟ್ಟಿತು. 2000ದಲ್ಲಿ ಒಂದು ಗುಂಪು ಆರ್‌ಡಿಎಫ್ (ಮಾಹಿತಿಗಳ ನಡುವಿನ ಸಂಬಂಧ ವಿವರಿಸುವ ಮಾದರಿ) ಆಧಾರದ ಮೇಲೆ 1.0 ಕಟ್ಟಿತು. ತಂತ್ರಾಂಶ ಬರೆಯುವ ಡೇವ್ ವೈನರ್ ಸರಳ ದಾರಿಯಲ್ಲೇ ಮುಂದುವರಿದು 2002ರಲ್ಲಿ 2.0 ತಂದರು. ಈ ಜಗಳ ಬೇಡವೆಂದವರು ಹೊಸದಾಗಿ ಆಟಂ ಬರೆದರು. 2005ರ ಡಿಸೆಂಬರಿನಲ್ಲಿ ಅದು ಆರ್‌ಎಫ್‌ಸಿ 4287 ಎಂಬ ಅಂತರ್ಜಾಲ ಮಾನದಂಡವಾಗಿ ಬಂತು.

ಈಗ ನಿಮ್ಮ ಅಡಿಕೆ. ಮಧ್ಯಾಹ್ನ ರಾಶಿ, ಚಾಲಿ, ಬೆಟ್ಟೆ ದರ ಹಾಕಿದಿರಿ ಅನ್ನಿ. ಸಂಜೆ ನೋಡಿದರೆ ಚಾಲಿಯ ಅಂಕಿ ತಪ್ಪು. ತಿದ್ದಿದಿರಿ. ಅದು ಬೆಳೆಗಾರರಿಗೆ ತಿಳಿಯಬೇಕಲ್ವಾ? ನಾಳೆ ಮೂಟೆ ಕಳಿಸಬೇಕೋ ಬೇಡವೋ ಅಂತ ಅವರು ನಿರ್ಧರಿಸುವುದೇ ಆ ಅಂಕಿ ನೋಡಿ. ಆಟಂನಲ್ಲಿ ಪ್ರತಿ ನಮೂದಿಗೂ ಎಂದೂ ಬದಲಾಗದ ಐಡಿ ಕಡ್ಡಾಯ. ಕೊನೆಗೆ ತಿದ್ದಿದ ಸಮಯವೂ ಕಡ್ಡಾಯ. ಐಡಿ ಹಾಗೇ ಇಟ್ಟು ಸಮಯ ಬದಲಿಸಿ. ದರಪಟ್ಟಿ ಅದೇ, ಈಗ ತಿದ್ದಿದ್ದಾರೆ ಅಂತ ಫೀಡ್ ರೀಡರಿಗೆ (ಫೀಡ್ ಓದಿ ತೋರಿಸುವ ಆ್ಯಪ್) ಗೊತ್ತಾಗುತ್ತದೆ. ಆರ್‌ಎಸ್‌ಎಸ್ 2.0ರಲ್ಲಿ ಇದೇ ಕೆಲಸಕ್ಕೆ ಜಿಯುಐಡಿ ಇದೆ, ಆದರೆ ಕಡ್ಡಾಯವಲ್ಲ. ಪ್ರಕಟಿಸಿದ ದಿನ ಹೇಳಬಹುದು, ಒಂದೊಂದು ನಮೂದನ್ನು ಯಾವಾಗ ತಿದ್ದಿದ್ದು ಅನ್ನಲು ಜಾಗವೇ ಇಲ್ಲ. ಹಾಗಾಗಿ ಕೆಲವರು ತಿದ್ದಿದಾಗ ಹೊಸ ಜಿಯುಐಡಿ ಹಾಕುತ್ತಾರೆ. ಆಗ ತಪ್ಪು ದರವೂ ಸರಿ ದರವೂ ಮೊಬೈಲಿನಲ್ಲಿ ಒಂದರ ಕೆಳಗೊಂದು ಕೂರುತ್ತವೆ. ದುಡ್ಡಿನ ವಿಷಯದಲ್ಲಿ ಇದು ಆಗಬಾರದು.

ದಿನಾಂಕವೂ ಅಷ್ಟೇ. ಆರ್‌ಎಸ್‌ಎಸ್ ತಿಂಗಳ ಹೆಸರನ್ನು ಇಂಗ್ಲಿಷಿನಲ್ಲೇ ಕೇಳುತ್ತದೆ. ತಂತ್ರಾಂಶ ಕನ್ನಡದಲ್ಲಿದ್ದು 'ನವೆಂಬರ್' ಅಂತ ನಮ್ಮ ಲಿಪಿಯಲ್ಲಿ ಬರೆದರೆ ಆ ದಿನಾಂಕ ಕೆಟ್ಟಂತೆಯೇ. ಆಟಂ ತಿಂಗಳನ್ನೂ ಅಂಕಿಯಲ್ಲೇ ಬರೆಯುತ್ತದೆ.

ನಾನು ಇಲ್ಲಿ ಕಾರವಾರದಲ್ಲಿ, ಬೈತಖೋಲದ ಮೀನುಗಾರರಿಗೆ ಸೂಚನೆ ಕಳಿಸುವ ಫೀಡ್ ಒಂದನ್ನು ನೋಡಿಕೊಳ್ಳುತ್ತೇನೆ. ಒಂದು ಸೂಚನೆ ಕನ್ನಡದಲ್ಲಿ, ಇನ್ನೊಂದು ಕೊಂಕಣಿಯಲ್ಲಿ. ಆಟಂನಲ್ಲಿ ಒಂದೊಂದು ನಮೂದಿಗೂ ಅದರದೇ ಭಾಷೆ ಗುರುತಿಸಬಹುದು. ಆರ್‌ಎಸ್‌ಎಸ್ 2.0ರಲ್ಲಿ ಇಡೀ ಫೀಡಿಗೆ ಒಂದೇ ಭಾಷೆ. ಆಟಂ ನನಗೆ ಇಷ್ಟವಾಗಲು ಇದೂ ಒಂದು ಕಾರಣ.

ತಾಳಮದ್ದಳೆಗೆ ಮಾತ್ರ ನನ್ನ ಇಷ್ಟ ನಡೆಯುವುದಿಲ್ಲ. ಫೀಡಿನಲ್ಲಿ ಬರುವ ಧ್ವನಿ ಕಾರ್ಯಕ್ರಮ, ಅಂದರೆ ಪಾಡ್‌ಕಾಸ್ಟ್, ಬೆಳೆದಿದ್ದೇ ಆರ್‌ಎಸ್‌ಎಸ್ 2.0ರ ಎನ್‌ಕ್ಲೋಷರ್ (ನಮೂದಿಗೆ ಫೈಲ್ ಲಗತ್ತಿಸುವ ಭಾಗ) ಮೇಲೆ. ಆಪಲ್ ಪಾಡ್‌ಕಾಸ್ಟ್ಸ್ ಕೇಳುವುದೂ ಆರ್‌ಎಸ್‌ಎಸ್ ಅನ್ನೇ. ಎನ್‌ಕ್ಲೋಷರಿನಲ್ಲಿ ಫೈಲಿನ ವಿಳಾಸ, ಬೈಟ್ ಲೆಕ್ಕದಲ್ಲಿ ಗಾತ್ರ, ಅದರ ಬಗೆ ಮೂರೂ ಇರಲೇಬೇಕು. ಗಾತ್ರದ ಜಾಗದಲ್ಲಿ ಸೊನ್ನೆ ಹಾಕಿ ಬಿಡಬೇಡಿ. ಕಲಾವಿದರ ಒಪ್ಪಿಗೆ ಪಡೆದೇ ಹಾಕಿ.

ಎರಡೂ ಫೀಡನ್ನು ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿಯ ಫೀಡ್ ವ್ಯಾಲಿಡೇಟರಿಗೆ (ತಪ್ಪು ಹುಡುಕುವ ಸಾಧನ) ಕೊಟ್ಟು ನೋಡಿ, ಅದು ಉಚಿತ. ಈಗಾಗಲೇ ಯಾರಿಗಾದರೂ ಫೀಡಿನ ವಿಳಾಸ ಕೊಟ್ಟಿದ್ದರೆ ಅಳಿಸಬೇಡಿ, ಅಲ್ಲಿಂದ ಹೊಸದಕ್ಕೆ 301 ರೀಡೈರೆಕ್ಟ್ (ವಿಳಾಸ ಖಾಯಂ ಬದಲಾಗಿದೆ ಎಂದು ಹೇಳಿ ಹೊಸದಕ್ಕೆ ಕಳಿಸುವ ಸೂಚನೆ) ಹಾಕಿ.