ಬ್ರೇಕ್ ಪಿಸ್ಟನ್ ಒಳಗೆ ಹೋಗುತ್ತಿಲ್ಲವೇ? ಮೊದಲು ನಿಪ್ಪಲ್ ಸಡಿಲಿಸಿ

ಪ್ರಶ್ನೆ: ಕಾರಿನ ಮುಂದಿನ ಬ್ರೇಕ್ ಪ್ಯಾಡ್‌ಗಳನ್ನು ಮನೆಯಲ್ಲೇ ಬದಲಿಸುತ್ತಿದ್ದೇನೆ. ಬಲಗಡೆಯದು ಸಲೀಸಾಗಿ ಮುಗಿಯಿತು. ಎಡಗಡೆ ಸಿ-ಕ್ಲ್ಯಾಂಪ್ ಎಷ್ಟು ಬಿಗಿದರೂ ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ ಕದಲುತ್ತಿಲ್ಲ. ಹಳೆಯ ಪ್ಯಾಡ್‌ಗಳಲ್ಲಿ ಒಳಗಿನದು ಪೂರ್ತಿ ಸವೆದಿದೆ, ಹೊರಗಿನದು ಅರ್ಧ ಉಳಿದಿದೆ. ಪಿಸ್ಟನ್ ಇರುವ ಕ್ಯಾಲಿಪರನ್ನೇ ಬದಲಿಸಬೇಕೆ?

ಉತ್ತರ: ಕ್ಲ್ಯಾಂಪ್ ಬಿಗಿಯುವುದನ್ನು ನಿಲ್ಲಿಸಿ. ತುಕ್ಕು ಹಿಡಿದ ಪಿಸ್ಟನ್ನನ್ನು ಬಲವಂತವಾಗಿ ಒಳಗೆ ನೂಕಿದರೆ ಅದರ ಸುತ್ತಲಿನ ರಬ್ಬರ್ ಸೀಲ್ ಹರಿಯಬಹುದು. ಹರಿಯದಿದ್ದರೂ, ಪೆಡಲ್ ಒತ್ತಿದಾಗ ಹೊರಬಂದ ಪಿಸ್ಟನ್ ಬಿಟ್ಟಾಗ ಹಿಂದೆ ಸರಿಯದೆ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ.

ಕ್ಯಾಲಿಪರ್‌ನಿಂದ ಗಾಳಿ, ಆಯಿಲ್ ಹೊರಬಿಡುವ ಬ್ಲೀಡರ್ ನಿಪ್ಪಲ್‌ಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ (ಬ್ರೇಕ್ ಫ್ಲೂಯಿಡ್) ಇರುವ ಬಾಟಲಿಯಲ್ಲಿ ಮುಳುಗಿಸಿ. ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸಿ, ಹಳೆಯ ಪ್ಯಾಡನ್ನು ನಡುವೆ ಇಟ್ಟು ಕ್ಲ್ಯಾಂಪನ್ನು ನೇರವಾಗಿ ಒತ್ತಿ. ನಿಪ್ಪಲ್‌ನ ಮೊದಲ ಬಿಗಿ ಬಿಡಿಸಲು, ಟ್ಯೂಬ್ ಸಿಕ್ಕಿಸುವ ಮೊದಲು, ಆರು ಮೂಲೆಯ ಸಾಕೆಟ್ ಬಳಸಿ. ಸಾಮಾನ್ಯ ಸ್ಪ್ಯಾನರ್ ಜಾರಿ ನಿಪ್ಪಲ್‌ನ ಮೂಲೆ ಸವೆಯುತ್ತದೆ.

ಈಗ ಪಿಸ್ಟನ್ ಸರಾಗವಾಗಿ ಹೋದರೆ ಕ್ಯಾಲಿಪರ್ ತಪ್ಪಿಲ್ಲ. ಆಯಿಲ್ ಹಿಂದಕ್ಕೆ ಹರಿಯುವ ದಾರಿ ಎಲ್ಲೋ ಕಟ್ಟಿದೆ. ಬಲಗಡೆ ಸುಲಭವಾಗಿ ಆಗಿರುವುದರಿಂದ ಪೆಡಲ್‌ಗೆ ಸೇರಿದ ಮಾಸ್ಟರ್ ಸಿಲಿಂಡರ್‌ಗಿಂತ ಎಡಗಡೆಯ ಕ್ಯಾಲಿಪರಿಗೆ ಆಯಿಲ್ ತರುವ ರಬ್ಬರ್ ಹೋಸ್ ಮೇಲೆಯೇ ಅನುಮಾನ ಹೆಚ್ಚು. ಹಳೆಯ ಹೋಸ್ ಒಳಗೋಡೆ ಊದಿಕೊಂಡು ದಾರಿ ಕಿರಿದಾಗುತ್ತದೆ. ಕಾಲಿನ ಒತ್ತಡಕ್ಕೆ ಆಯಿಲ್ ಮುಂದೆ ಹೋಗುತ್ತದೆ, ಆದರೆ ತಾನಾಗಿ ಹಿಂದೆ ಬರುವುದಿಲ್ಲ. ಹೊರಗಿನಿಂದ ನೋಡಿದರೆ ಹೊಸದರಂತೆಯೇ ಕಾಣುವುದರಿಂದ, ಹೋಸ್ ಕೆಟ್ಟಿರುವಾಗಲೂ ಎಷ್ಟೋ ಒಳ್ಳೆಯ ಕ್ಯಾಲಿಪರ್‌ಗಳು ಗುಜರಿಗೆ ಹೋಗುತ್ತವೆ.

ನಿಪ್ಪಲ್ ತೆರೆದರೂ ಅಲುಗದಿದ್ದರೆ ಪಿಸ್ಟನ್ನೇ ಹಿಡಿದಿದೆ. ಪಿಸ್ಟನ್ ಸುತ್ತ ಧೂಳು ತಡೆಯುವ ರಬ್ಬರ್ ಹೊದಿಕೆಯಾದ ಡಸ್ಟ್ ಬೂಟಿನ ಅಂಚನ್ನು ಎತ್ತಿ ನೋಡಿ: ರಬ್ಬರ್ ಹರಿದ ಕಡೆ ನೀರು ನುಗ್ಗಿ, ಪಿಸ್ಟನ್ ಸುತ್ತ ಕಂದು ಹುಡಿ ಕೂತಿರುತ್ತದೆ. ಹೊರತೆಗೆಯಲು ಪೆಡಲ್ ಒತ್ತಡವೇ ಒಳ್ಳೆಯ ಉಪಾಯ. ಹೋಸ್ ಬಿಚ್ಚುವ ಮೊದಲು ನಿಪ್ಪಲ್ ಮುಚ್ಚಿ, ಪಿಸ್ಟನ್ ಎದುರು ಮರದ ತುಂಡು ಇಟ್ಟು, ಇನ್ನೊಬ್ಬರಿಂದ ಪೆಡಲನ್ನು ನಿಧಾನವಾಗಿ ಒತ್ತಿಸಿ. ಉಳಿದ ಚಕ್ರಗಳ ಬ್ರೇಕ್ ಪೂರ್ತಿ ಜೋಡಿಸಿರಲೇಬೇಕು, ಇಲ್ಲದಿದ್ದರೆ ಆ ಕಡೆಯ ಪಿಸ್ಟನ್ ಹೊರಗೆ ಬೀಳುತ್ತದೆ. ಕಂಪ್ರೆಸರ್ ಗಾಳಿ ಬಿಡಬೇಡಿ. ಪಿಸ್ಟನ್ ಗುಂಡಿನಂತೆ ಹಾರಿ ಬೆರಳು ಜಜ್ಜಿಹೋಗುವುದುಂಟು.

ಸೀಲ್ ಓಡಾಡುವ ಜಾಗದಲ್ಲಿ ಪಿಸ್ಟನ್ ಮೇಲೆ ಉಗುರಿಗೆ ತಾಗುವಷ್ಟು ಗುಂಡಿ ಬಿದ್ದಿದ್ದರೆ ಅದನ್ನು ಬಿಸಾಡಿ. ಉಜ್ಜಿ ನುಣುಪು ಮಾಡಿದರೆ ಮೇಲಿನ ಲೇಪ ಹೋಗಿ ಮತ್ತೆ ತುಕ್ಕು ಹಿಡಿಯುತ್ತದೆ. ಚೌಕ ಅಂಚಿನ ಒಳ ಸೀಲ್ ಮತ್ತು ಬೂಟ್ ಎರಡನ್ನೂ ಹೊಸದು ಹಾಕಿ. ಪೆಡಲ್ ಬಿಟ್ಟಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುವುದು ಆ ಸೀಲೇ. ಜೋಡಿಸುವಾಗ ಅದಕ್ಕೆ ಹೊಸ ಬ್ರೇಕ್ ಆಯಿಲ್ ಸವರಿ. ಸಿಲಿಂಡರ್ ಒಳಗೋಡೆಯಲ್ಲೂ ಗುಂಡಿಗಳಿದ್ದರೆ ಕ್ಯಾಲಿಪರ್ ಬದಲಿಸುವುದೇ ಸರಿ. ಹೋಸ್ ಸೇರುವ ಬೋಲ್ಟಿನ ಎರಡು ತಾಮ್ರದ ವಾಷರ್‌ಗಳನ್ನು ಹಳೆಯದೇ ಬಳಸಬೇಡಿ. ಕೂರಿಸಿದ ಮೇಲೆ ನಿಪ್ಪಲ್ ಮೇಲ್ಭಾಗದಲ್ಲೇ ಇರಬೇಕು. ಕ್ಯಾಲಿಪರ್‌ಗಳ ಎಡ-ಬಲ ಅದಲುಬದಲಾದರೆ ಒಳಗಿನ ಗಾಳಿ ಹೊರಬರುವುದೇ ಇಲ್ಲ.

ಇನ್ನು ಒಳಗಿನ ಪ್ಯಾಡ್ ಮಾತ್ರ ಸವೆದಿರುವುದು ಬೇರೆ ದೋಷದ ಗುರುತೂ ಆಗಿರಬಹುದು. ಪಿಸ್ಟನ್ ಅದನ್ನು ನೇರವಾಗಿ ಒತ್ತುತ್ತದೆ. ಕ್ಯಾಲಿಪರ್ ತನ್ನ ಪಿನ್‌ಗಳ ಮೇಲೆ ಜಾರಿದರೆ ಮಾತ್ರ ಹೊರಗಿನದು ಡಿಸ್ಕಿಗೆ ತಾಗುತ್ತದೆ. ನಿಮ್ಮ ಪಿನ್‌ಗಳೂ ಹಿಡಿದಿರಬಹುದು.

ಪ್ರಶ್ನೆ: ಸ್ಲೈಡ್ ಪಿನ್‌ಗಳು ಬಿಗಿಯಾಗಿದ್ದರೆ ಬೇರಿಂಗ್ ಗ್ರೀಸ್ ಹಚ್ಚಬಹುದೆ?

ಉತ್ತರ: ಬೇಡ. ಪೆಟ್ರೋಲಿಯಂ ಮೂಲದ ಗ್ರೀಸ್‌ಗೆ ರಬ್ಬರ್ ಊದಿ, ಪಿನ್ ಮೊದಲಿಗಿಂತ ಬಿಗಿಯಾಗುತ್ತದೆ. ಬ್ರೇಕ್‌ಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳುವಾಗಿ ಸಾಕು. ರಂಧ್ರದ ತಳದಲ್ಲಿ ತುಂಬಿದರೆ ಗಾಳಿ ಸಿಕ್ಕಿ ಪಿನ್ ಹೊರಗೆ ತಳ್ಳಿಕೊಳ್ಳುತ್ತದೆ. ಮೇಲಿನ ಪಿನ್ ಮತ್ತು ಕೆಳಗಿನದು ಒಂದೇ ತರಹ ಇರಬೇಕೆಂದಿಲ್ಲ, ಒಂದರ ತುದಿಯಲ್ಲಿ ರಬ್ಬರ್ ತೋಳು ಇರಬಹುದು. ಬಿಚ್ಚುವಾಗಲೇ ಗುರುತು ಮಾಡಿಕೊಳ್ಳಿ. ಪ್ಯಾಡ್ ಕೂರುವ ಕ್ಲಿಪ್‌ಗಳ ಅಡಿಯ ತುಕ್ಕನ್ನೂ ಅರದಿಂದ ಉಜ್ಜಿ ತೆಗೆಯಿರಿ. ಪ್ಯಾಡ್ ಕೈಯಲ್ಲೇ ಜಾರಬೇಕು, ಸುತ್ತಿಗೆಯಿಂದ ಬಡಿದು ಕೂರಿಸುವಂತಿರಬಾರದು.

ಪ್ರಶ್ನೆ: ಹಿಂದಿನ ಚಕ್ರದ ಪಿಸ್ಟನ್ ಒತ್ತಿದರೆ ಹೋಗುವುದಿಲ್ಲ. ಅದೂ ತುಕ್ಕೇ?

ಉತ್ತರ: ಹ್ಯಾಂಡ್‌ಬ್ರೇಕ್ ಕೇಬಲ್ ಕ್ಯಾಲಿಪರಿಗೇ ಸೇರಿದ್ದರೆ ಅಲ್ಲದಿರಬಹುದು. ಪಿಸ್ಟನ್ ಮುಖದಲ್ಲಿ ಕಚ್ಚುಗಳಿದ್ದರೆ, ಹ್ಯಾಂಡ್‌ಬ್ರೇಕ್ ಇಳಿಸಿ, ಅದಕ್ಕೆಂದಿರುವ ಸಾಧನದಿಂದ ಒತ್ತುತ್ತಲೇ ತಿರುಗಿಸಬೇಕು. ಬರೀ ಒತ್ತಿದರೆ ಒಳಗಿನ ಸ್ಕ್ರೂ ಕೆಡುತ್ತದೆ. ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಮೊದಲು ಅದರ ಮೋಟಾರ್ ಹಿಂದೆ ಸರಿಯುವ ಸರ್ವಿಸ್ ಮೋಡ್‌ಗೆ ಹಾಕಿ.

ಪ್ರಶ್ನೆ: ಎಲ್ಲ ಜೋಡಿಸಿದ ಮೇಲೆ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಕಾರನ್ನು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೂ ಒತ್ತಿ ಬಿಡಿ. ಹೋಸ್ ಬಿಚ್ಚಿದ್ದರೆ ಗಾಳಿ ತೆಗೆಯಿರಿ. ಕೆಲವು ಕಿಲೋಮೀಟರ್ ಓಡಿಸಿ, ಆದಷ್ಟು ಕಡಿಮೆ ಬ್ರೇಕ್ ಹಾಕಿ ನಿಲ್ಲಿಸಿ, ಎರಡೂ ಮುಂದಿನ ಚಕ್ರಗಳ ಹತ್ತಿರ ಅಂಗೈ ಹಿಡಿದು ಬಿಸಿ ಹೋಲಿಸಿ, ಡಿಸ್ಕ್ ಮುಟ್ಟಬೇಡಿ. ಒಂದೇ ಕಡೆ ಎದ್ದು ಕಾಣುವಷ್ಟು ಬಿಸಿಯಿದ್ದರೆ ಆ ಕಡೆ ಇನ್ನೂ ಹಿಡಿಯುತ್ತಿದೆ. ಮತ್ತೆ ಬಿಚ್ಚಿ ನೋಡುವವರೆಗೂ ಕಾರು ಓಡಿಸಬೇಡಿ.