ಪೇಂಟ್‌ಗಿಂತ ಮೊದಲು ಗೋಡೆಯ ತೇವ ನೋಡಿ

ಮಾರಾಟಕ್ಕಿಟ್ಟ ಕುವೆಂಪುನಗರದ ಮನೆ ನೋಡಲು ಬಂದವರು ಹಾಲ್‌ನಿಂದಲೇ ವಾಪಸ್ ಹೋಗುತ್ತಿದ್ದಾರೆ, ಪೂರ್ತಿ ಪೇಂಟ್ ಮಾಡಿಸಲೇ ಎಂದು ಕೇಳಿದ್ದೀರಿ. ಕಾರಣ ಹಳೇ ಪೇಂಟ್ ಅಲ್ಲ. ಹಾಲ್‌ನಲ್ಲಿ ಬಚ್ಚಲಿಗೆ ಅಂಟಿಕೊಂಡ ಗೋಡೆಯ ಬುಡದಲ್ಲಿದೆ ಅಂದಿರಲ್ಲ, ಆ ಬಿಳಿ ಪುಡಿ ಇರಬೇಕು. ಅದು ತೇವದ ಜೊತೆ ಹೊರಗೆ ಬಂದ ಉಪ್ಪು. ನಾವು ಮನೆ ಮಾರುವಾಗ ಅದರ ಮೇಲೆ ಸುಮ್ನೆ ಪೇಂಟ್ ಹೊಡೆಸಿದೆವು. ಒಂದೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬಂತು.

ಮೊದಲು ಒಂದು ಅಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಆ ಜಾಗಕ್ಕೆ ಅಂಟಿಸಿ. ಎರಡು ದಿನ ಬಿಟ್ಟು ತೆಗೆಯಿರಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕಂಡರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಬಚ್ಚಲ ಟೈಲ್ಸ್ ಸಂದಿ, ಗೋಡೆಯೊಳಗಿನ ಪೈಪ್ ಎರಡನ್ನೂ ಪ್ಲಂಬರ್‌ಗೆ ತೋರಿಸಿ. ಯಾವುದು ಸೋರುತ್ತಿದೆ ಎಂದು ನೋಡದೆ ಹೇಳಲಾರೆ. ಅದು ಸರಿಯಾದ ಮೇಲೆ ಸಡಿಲ ಗಾರೆ ಕೆರೆಸಿ, ಪುಡಿಯನ್ನು ಒಣ ಬ್ರಷ್‌ನಿಂದ ಉಜ್ಜಿಸಿ. ನೀರು ಹಾಕಿ ತೊಳೆಯಬೇಡಿ, ಉಪ್ಪು ಕರಗಿ ಮತ್ತೆ ಒಳಗೆ ಇಳಿಯುತ್ತದೆ. ಗೋಡೆ ಪೂರ್ತಿ ಒಣಗಲಿ, ವಾರಗಳೇ ಹಿಡಿಯಬಹುದು. ಆಮೇಲೆ ಗಾರೆ, ಪ್ರೈಮರ್, ತಿಳಿ ಬಣ್ಣ. ಹಾಲ್ ಒಂದಕ್ಕೆ ಸಾಕು.

ರೆಡ್ ಆಕ್ಸೈಡ್ ನೆಲ ಕಿತ್ತು ಟೈಲ್ಸ್ ಹಾಕಿಸುವ ಯೋಚನೆ ದಯವಿಟ್ಟು ಬಿಡಿ. ಚೆನ್ನಾಗಿ ಒರೆಸಿ, ಬಟ್ಟೆಗೆ ಒಂದೆರಡು ಹನಿ ತೆಂಗಿನೆಣ್ಣೆ ಹಾಕಿ ತೆಳ್ಳಗೆ ಉಜ್ಜಿ. ಎಷ್ಟು ಚಂದ ಹೊಳೆಯುತ್ತದೆ ನೋಡಿ. ಎಣ್ಣೆ ಜಾಸ್ತಿಯಾದರೆ ಜಾರುತ್ತದೆ, ಜೋಪಾನ.

ಮನೆ ತೋರಿಸುವಾಗ ಇ-ಖಾತಾ, ಕಂದಾಯದ ರಶೀದಿ ಜೊತೆ ಈ ರಿಪೇರಿ ಬಿಲ್ಲನ್ನೂ ಇಡಿ. ಗೋಡೆಗೆ ಏನಾಗಿತ್ತು ಅಂತ ನೀವೇ ಮೊದಲು ಹೇಳಿಬಿಡಿ.